ತೋಪು ಕರಗಿ ನೇಗಿಲಾಯಿತು: ಲಕ್ಷ್ಮಣರಾವ್ ಕಿರ್ಲೋಸ್ಕರ್

ಕೊಲ್ಲಾಪುರ ಜಿಲ್ಲೆಯ ಆಜರಾ ಇಂದು ಮಹಾರಾಷ್ಟ್ರದ ಒಂದು ತಾಲೂಕು ಕೇಂದ್ರ. ಅದರ ನೆರೆಯ ಗಡಹಿಂಗ್ಲಜದ ಕಡೆ ಕನ್ನಡ ಮಾತು ಇನ್ನೂ ಉಳಿದುಕೊಂಡಿದೆ. ನಮ್ಮ ಕಾಸರಗೋಡಿನಂತೆ ಅದೂ ಗಡಿನಾಡು. ಸಂಸ್ಥಾನಗಳ ಕಾಲದಲ್ಲಿ ಆಜರಾ ಇಚಲಕರಂಜಿ ಜಹಗೀರಿಗೆ ಸೇರಿತ್ತು. ಅಲ್ಲಿನ ಜಹಗೀರುದಾರರಾದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹ ಪಡೆದು ವಿಠ್ಠಲರಾವ್ ದಾತಾರರು 1904ರಲ್ಲಿ ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಇಂದು ಆ ಊರು ಮಗ್ಗಗಳ ಊರೆಂದೇ ಹೆಸರಾಗಿದೆ.

ಆಳುವವರ ಆಸರೆಯೂ ಖಾಸಗಿಯವರ ಸಾಹಸವೂ ಒಂದುಗೂಡಿದರೆ ನಾಡಿಗೆ ಹೊಸದೊಂದು ಬರುತ್ತದೆಂಬುದಕ್ಕೆ ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ ಇದಕ್ಕಿಂತಲೂ ದೊಡ್ಡ ನಿದರ್ಶನವೊಂದಿದೆ. ಅದು ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಜೀವನ. ಪಂಪುಗಳ ಮೇಲೆ ಆ ಹೆಸರನ್ನು ನಾವೆಲ್ಲ ಕಂಡಿದ್ದೇವೆ. ಅದರ ಹಿಂದಿರುವ ಮನುಷ್ಯನನ್ನು ನಮ್ಮ ಮಕ್ಕಳು ಬಲ್ಲರೆಂದು ಹೇಳಲಾರೆವು.

ಲಕ್ಷ್ಮಣರಾಯರು ಹುಟ್ಟಿದ್ದು ಕನ್ನಡ ಮಣ್ಣಿನಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು. ಮನೆಮಾತು ಮರಾಠಿ. ತಂದೆ ಕಾಶೀನಾಥಪಂತರು ವೇದಾಂತ ಬಲ್ಲವರು. ಮಗನಿಗಾದರೋ ಚಿತ್ರ ಮತ್ತು ಯಂತ್ರಗಳಲ್ಲಿ ಒಲವು. ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷವಿದ್ದುದರಿಂದ ವರ್ಣಚಿತ್ರ ಕೈಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಬಳಿಕ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಅಧ್ಯಾಪಕರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ಆ ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಮರಳಿದರು.

ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣನವರೊಡನೆ ಸೈಕಲ್ ವ್ಯಾಪಾರ ನಡೆಯುತ್ತಿತ್ತು. ಆದರೆ ಇನ್ನೊಬ್ಬರು ಮಾಡಿದ್ದನ್ನು ತಂದು ಮಾರುವುದರಲ್ಲಿ ಲಕ್ಷ್ಮಣರಾಯರಿಗೆ ತೃಪ್ತಿಯಿರಲಿಲ್ಲ. ದನಗಳಿಗೆ ಮೇವು ಕತ್ತರಿಸುವ ಯಂತ್ರ ಮಾಡಿದರು. ಅನಂತರ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ಆಗಿನ ರೈತರು ನಂಬಿದ್ದರು. ಮಾಡಿಟ್ಟ ನೇಗಿಲುಗಳಿಗೆ ಗಿರಾಕಿ ಸಿಗಲು ಎರಡು ವರ್ಷ ಹಿಡಿಯಿತೆನ್ನುತ್ತಾರೆ. ಹೊಸದೊಂದನ್ನು ತಯಾರಿಸುವುದಕ್ಕಿಂತ ಅದನ್ನು ಜನ ನಂಬುವಂತೆ ಮಾಡುವುದೇ ಕಷ್ಟ. ಆ ಎರಡು ವರ್ಷಗಳ ನಷ್ಟವನ್ನು ಹೊತ್ತವರು ಅವರೇ, ಯಾವ ಸರಕಾರವೂ ಅಲ್ಲ.

ನೇಗಿಲು ನೆಲೆಗೊಳ್ಳುತ್ತಿದ್ದಂತೆ ಇನ್ನೊಂದು ಪೆಟ್ಟು ಬಿತ್ತು. ಊರ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ಪುರಸಭೆ ಹೇಳಿತು. ಯಂತ್ರಗಳನ್ನು ಎಲ್ಲಿಗೆ ಸಾಗಿಸುವುದು? ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಾಗವನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಅದು ಪಾಪಾಸುಕಳ್ಳಿಯೂ ನಾಗರಹಾವುಗಳೂ ತುಂಬಿದ ಬಂಜರು. 1910ರ ಮಾರ್ಚ್‌ನಲ್ಲಿ ಇಪ್ಪತ್ತೈದು ಕೆಲಸಗಾರರೂ ಅವರ ಕುಟುಂಬಗಳೂ ಅಲ್ಲಿ ಬಿಡಾರ ಹೂಡಿದವು. ಅದೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ರೈಲು ನಿಲ್ದಾಣಕ್ಕೂ ಮುಂದೆ ಅದೇ ಹೆಸರಾಯಿತು. ಲಕ್ಷ್ಮಣರಾಯರು ಅಲ್ಲಿ ಕಾರ್ಖಾನೆಯನ್ನಷ್ಟೇ ಅಲ್ಲ, ಒಂದು ಊರನ್ನೇ ಕಟ್ಟಿದರು. ಜೈಲುಶಿಕ್ಷೆ ಅನುಭವಿಸಿ ಬಂದವರನ್ನು ನಂಬಿ ರಾತ್ರಿಯ ಕಾವಲಿಗಿಟ್ಟರು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಪರದೇಶದಿಂದ ಬರುತ್ತಿದ್ದ ಕಬ್ಬಿಣಕ್ಕೆ ಅಭಾವ ತಲೆದೋರಿತು. ಕಬ್ಬಿಣವಿಲ್ಲದೆ ಎರಕದ ಕುಲುಮೆ ಉರಿದು ಏನು ಫಲ? ಈ ಸಂಕಟದಲ್ಲಿ ನೆರವಾದವರು ಕೊಲ್ಲಾಪುರದ ಶಾಹೂ ಮಹಾರಾಜರು. ಕೋಟೆಯಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಹಳೆಯ ತೋಪುಗಳನ್ನು ಅವರು ಕಾರ್ಖಾನೆಗೆ ಕೊಡಿಸಿದರು. ಒಂದು ಕಾಲಕ್ಕೆ ಜನರನ್ನು ಕೊಲ್ಲಲು ಎರಕ ಹೊಯ್ದ ಲೋಹ ಕರಗಿ ಅನ್ನ ಬೆಳೆಯುವ ನೇಗಿಲಾಯಿತು.

ಮುಂದೆ 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿ ಸ್ಥಾಪನೆಯಾಯಿತು. ಕಬ್ಬಿನ ಗಾಣ, ನೀರೆತ್ತುವ ಪಂಪು ಒಂದೊಂದಾಗಿ ಬಂದವು. 1941ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದೊಡನೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಯಂತ್ರಗಳನ್ನು ಮಾಡುವ ಯಂತ್ರವಾದ ಲೇತನ್ನು ಅಲ್ಲಿ ತಯಾರಿಸಿದರು. ಹಲವು ದಶಕ ನಡೆದ ಆ ಕಾರ್ಖಾನೆ ಕೊನೆಗೆ ಮುಚ್ಚಿಹೋಯಿತೆಂಬುದನ್ನೂ ಇಲ್ಲಿ ಹೇಳಲೇಬೇಕು. ಆರಂಭದ ಆಸರೆ ಎಷ್ಟೇ ದೊಡ್ಡದಿರಲಿ, ಅದೊಂದರಿಂದಲೇ ಯಾವ ಉದ್ಯಮವೂ ಚಿರಾಯುವಾಗುವುದಿಲ್ಲ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿಯನ್ನು ಹೊರತಂದಿತು.

ಸರಕಾರ ಮತ್ತು ಖಾಸಗಿಯವರ ಸಹಭಾಗಿತ್ವವೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಲಾಭವೆಲ್ಲ ಒಬ್ಬರಿಗೆ, ನಷ್ಟವೆಲ್ಲ ಸಾರ್ವಜನಿಕರಿಗೆ ಎಂಬಂತಾದರೆ ಅದು ಸಹಭಾಗಿತ್ವವಲ್ಲ. ಈ ಕಥೆಯಲ್ಲಿ ಪಾಲುಗಳು ಸ್ಪಷ್ಟವಾಗಿದ್ದವು. ಔಂಧ್ ಸಂಸ್ಥಾನ ಕೊಟ್ಟದ್ದು ಬಂಜರು ಭೂಮಿ ಮತ್ತು ಮರಳಿಸಬೇಕಾದ ಸಾಲ. ಕೊಲ್ಲಾಪುರ ಕೊಟ್ಟದ್ದು ಮೂಲೆಗುಂಪಾಗಿದ್ದ ಕಬ್ಬಿಣ. ಬುದ್ಧಿ, ಬೆವರು, ಸೋಲುವ ಭಯ ಇವು ಲಕ್ಷ್ಮಣರಾಯರ ಪಾಲು. ಫಲ ಸಿಕ್ಕಿದ್ದು ರೈತನ ಹೊಲಕ್ಕೆ. ಔಂಧ್ ಬಹಳ ಸಣ್ಣ ಸಂಸ್ಥಾನ. ಆದರೂ ಬೆಳಗಾವಿ ಕಳೆದುಕೊಂಡದ್ದನ್ನು ಅದು ಗಳಿಸಿಕೊಂಡಿತು.

ಗಡಿನಾಡಿನವರಾದ ನಾವು ಇದನ್ನು ಮುಖ್ಯವಾಗಿ ಗಮನಿಸಬೇಕು. ನಮ್ಮ ತರುಣರು ಕೆಲಸ ಹುಡುಕಿ ಮಂಗಳೂರಿಗೆ, ಬೆಂಗಳೂರಿಗೆ, ಗಲ್ಫ್ ದೇಶಗಳಿಗೆ ಹೋಗುತ್ತಿದ್ದಾರೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಿಪಿಸಿಆರ್‌ಐ ನಮ್ಮ ಕಾಸರಗೋಡಿನಲ್ಲೇ ಇದೆ. ತೆಂಗಿನ ಹೊಂಬಾಳೆಯಿಂದ ಕಲ್ಪರಸ ತೆಗೆಯುವಂಥ ವಿಧಾನಗಳನ್ನು ಅದು ಉದ್ಯಮಿಗಳಿಗೆ ಕಲಿಸಿಕೊಡುತ್ತದೆ. ಸರಕಾರದ ಪಾಲಿನ ವಿದ್ಯೆ ಮನೆಬಾಗಿಲಲ್ಲೇ ಇರುವಾಗ ಅದನ್ನು ಕೇಳಿ ಪಡೆಯುವ ಧೈರ್ಯ ನಮ್ಮ ಯುವಕ ಯುವತಿಯರಿಗೆ ಬರಬೇಕು. ಅಂಥವರು ಜಾಗಕ್ಕೋ ಪರವಾನಗಿಗೋ ಅರ್ಜಿ ಹಿಡಿದು ಬಂದಾಗ ನಮ್ಮ ಪಂಚಾಯತುಗಳು, ನಗರಸಭೆಗಳು ಬೆಳಗಾವಿಯ ಪುರಸಭೆಯಂತಾಗದೆ ಔಂಧ್‌ನ ಅರಸರಂತೆ ನಡೆದುಕೊಳ್ಳಲೆಂದು ನಾವು ಹಾರೈಸುತ್ತೇವೆ.