ಅಕಲಂಕ

ಅಕಲಂಕ (ಭಟ್ಟಾಕಲಂಕದೇವ) ಕ್ರಿ.ಶ. 8ನೆಯ ಶತಮಾನದ ದಿಗಂಬರ ಜೈನ ಆಚಾರ್ಯ ಹಾಗೂ ತಾರ್ಕಿಕ. ಜೈನ ಪ್ರಮಾಣಶಾಸ್ತ್ರಕ್ಕೆ ವ್ಯವಸ್ಥಿತ ರೂಪ ಕೊಟ್ಟವನೆಂದು ಪ್ರಸಿದ್ಧ. 1604ರಲ್ಲಿ 'ಶಬ್ದಾನುಶಾಸನ'ವೆಂಬ ಕನ್ನಡ ವ್ಯಾಕರಣವನ್ನು ರಚಿಸಿದ ಭಟ್ಟಾಕಲಂಕ ಈತನಲ್ಲ. ಉತ್ತರ ಕನ್ನಡ ಜಿಲ್ಲೆಯ ಸ್ವಾದಿ (ಸೋದೆ) ಜೈನ ಮಠದ ಭಟ್ಟಾರಕರು ಇಂದಿಗೂ ಭಟ್ಟಾಕಲಂಕ ಎಂಬ ಪಟ್ಟದ ಹೆಸರನ್ನು ಧರಿಸುತ್ತಾರೆ.

ಜೀವನ

ಈತನ ತಂದೆಯ ವಿಷಯದಲ್ಲಿಯೇ ಆಕರಗಳು ಒಪ್ಪುವುದಿಲ್ಲ. 'ರಾಜವಾರ್ತಿಕ'ದ ಪದ್ಯವೊಂದು ಲಘುಹವ್ವ ನೃಪತಿಯ ಮಗನೆನ್ನುತ್ತದೆ. ಕಥಾಕೋಶಗಳ ಪ್ರಕಾರ ತಂದೆ ಮಾನ್ಯಖೇಟದ ಅರಸ ಶುಭತುಂಗನ ಮಂತ್ರಿ ಪುರುಷೋತ್ತಮ. ಅಕಲಂಕ ಮತ್ತು ತಮ್ಮ ನಿಷ್ಕಲಂಕ ಗುರುತು ಮರೆಸಿಕೊಂಡು ಬೌದ್ಧ ವಿಹಾರದಲ್ಲಿ ತರ್ಕ ಕಲಿತರೆಂದೂ, ಸಿಕ್ಕಿಬಿದ್ದು ಓಡುವಾಗ ಅಣ್ಣ ಕೆರೆಯ ತಾವರೆಗಳ ನಡುವೆ ಅಡಗಿ ಉಳಿದನೆಂದೂ, ತಮ್ಮ ಹತನಾದನೆಂದೂ ಆ ಕಥೆಗಳು ಹೇಳುತ್ತವೆ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ (1129) ಸಾಹಸತುಂಗನ ಸಭೆಯನ್ನೂ ಹಿಮಶೀತಳ ರಾಜನ ಆಸ್ಥಾನದಲ್ಲಿ ಬೌದ್ಧರೊಡನೆ ನಡೆದ ವಾದವನ್ನೂ ಉಲ್ಲೇಖಿಸುತ್ತದೆ. ಸಾಹಸತುಂಗನೆಂದರೆ ರಾಷ್ಟ್ರಕೂಟ ದಂತಿದುರ್ಗನೆಂದು ಹಲವು ವಿದ್ವಾಂಸರ ಮತ. ಇದು ಊಹೆಯೇ ಹೊರತು ಶಾಸನದ ಮಾತಲ್ಲ. ಶಾಸನವೂ ಅಕಲಂಕನಿಗಿಂತ ಮೂರು ಶತಮಾನಕ್ಕೂ ಹೆಚ್ಚು ಈಚಿನದು.

ಹೇತುವಿನ ಲಕ್ಷಣ

ಸರಿಯಾದ ಹೇತುವಿಗೆ ಮೂರು ಲಕ್ಷಣ ಬೇಕೆಂದು ಬೌದ್ಧ ತಾರ್ಕಿಕರ ಮತ: ಅದು ಪಕ್ಷದಲ್ಲಿರಬೇಕು, ಸಪಕ್ಷದಲ್ಲಿರಬೇಕು, ವಿಪಕ್ಷದಲ್ಲಿರಬಾರದು. ಪಾತ್ರಕೇಸರಿಯನ್ನು ಅನುಸರಿಸಿ ಅಕಲಂಕ ಒಂದೇ ಲಕ್ಷಣವನ್ನು ಎತ್ತಿಹಿಡಿದನು. ಅದು ಅನ್ಯಥಾನುಪಪತ್ತಿ, ಅಂದರೆ ಸಾಧ್ಯವಿಲ್ಲದಿದ್ದರೆ ಹೇತುವೂ ಇರಲಾಗದು ಎಂಬ ನಿಯಮ. ಒಬ್ಬಳ ಮಕ್ಕಳೆಲ್ಲ ಕಪ್ಪಗಿದ್ದಾರೆ, ಆದ್ದರಿಂದ ಗರ್ಭದಲ್ಲಿರುವ ಮಗನೂ ಕಪ್ಪಗಿರುತ್ತಾನೆ ಎಂದು ವಾದಿಸಿದರೆ ಮೂರು ಲಕ್ಷಣಗಳೂ ಕೂಡಿಬರುತ್ತವೆ. ಆದರೂ ಆಕೆಯ ಮಗ ಬೆಳ್ಳಗಿರಲು ಅಡ್ಡಿಯೇನೂ ಇಲ್ಲ. ಇದುವರೆಗೆ ಕಂಡದ್ದನ್ನೇ ನಿಯಮವೆಂದು ಭಾವಿಸಿದ್ದಷ್ಟೆ. ಇದಕ್ಕೆ ವಿರುದ್ಧವಾಗಿ, ಕೃತ್ತಿಕೆ ಉದಯಿಸಿದ್ದನ್ನು ಕಂಡು ಮುಹೂರ್ತದ ಬಳಿಕ ರೋಹಿಣಿ ಉದಯಿಸುವುದೆಂದು ತಿಳಿಯಬಹುದು. ಕೃತ್ತಿಕೆಯ ಉದಯ ರೋಹಿಣಿಯಲ್ಲಿಲ್ಲದ ಕಾರಣ ಇಲ್ಲಿ ಮೊದಲ ಲಕ್ಷಣವೇ ತಪ್ಪಿದೆ. ನಿರ್ಣಯ ಮಾತ್ರ ತಪ್ಪುವುದಿಲ್ಲ.

ಕೃತಿಗಳು

'ಲಘೀಯಸ್ತ್ರಯ', 'ನ್ಯಾಯವಿನಿಶ್ಚಯ', 'ಸಿದ್ಧಿವಿನಿಶ್ಚಯ', 'ಪ್ರಮಾಣಸಂಗ್ರಹ' ಸ್ವತಂತ್ರ ಗ್ರಂಥಗಳು. 'ರಾಜವಾರ್ತಿಕ' ತತ್ತ್ವಾರ್ಥಸೂತ್ರಕ್ಕೂ 'ಅಷ್ಟಶತೀ' ಸಮಂತಭದ್ರನ ಆಪ್ತಮೀಮಾಂಸೆಗೂ ವ್ಯಾಖ್ಯಾನಗಳು. ಶೈಲಿ ತೀರ ಅಡಕ. ವಿದ್ಯಾನಂದ, ಅನಂತವೀರ್ಯ, ಪ್ರಭಾಚಂದ್ರ, ವಾದಿರಾಜರ ಟೀಕೆಗಳಿಲ್ಲದೆ ಓದುವುದು ಕಷ್ಟ. ಮಾಣಿಕ್ಯನಂದಿಯ 'ಪರೀಕ್ಷಾಮುಖ' ಈತನ ವಿಚಾರಗಳನ್ನೇ ಸೂತ್ರರೂಪಕ್ಕೆ ತಂದಿದೆ.