ದೊರೆಯ ದತ್ತಿ, ಪ್ರಜೆಯ ಹಣ

ಅರಸನೊಬ್ಬನ ದಾನಪತ್ರವನ್ನು ಓದುವಾಗ ಕೊಟ್ಟ ಕೈ ನಮಗೆ ಕಾಣುತ್ತದೆ. ಆ ಕೈಗೆ ಹಣ ಬಂದ ದಾರಿ ಕಾಣುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ನೆಲವು ದಾನವನ್ನೂ ಭಕ್ತಿಯನ್ನೂ ಶತಮಾನಗಳಿಂದ ಬಲ್ಲದು. ಮೈಲಾಪುರದ ಮಲ್ಲಯ್ಯ, ತಿಂಥಣಿಯ ಮೌನೇಶ್ವರ, ಗೋಗಿಯ ದರ್ಗಾ, ಸುರಪುರದ ವೇಣುಗೋಪಾಲಸ್ವಾಮಿ ಇವೆಲ್ಲ ಒಂದೇ ಸೀಮೆಯ ಪುಣ್ಯಸ್ಥಾನಗಳು. ರಾಜಾ ವೆಂಕಟಪ್ಪ ನಾಯಕನ ೧೮೫೮ರ ಹೋರಾಟದೊಡನೆ ಸುರಪುರದ ನಾಯಕರ ಆಳ್ವಿಕೆ ಮುಗಿಯಿತು. ೧೮೬೦ರಲ್ಲಿ ಆ ಸಂಸ್ಥಾನವು ಹೈದರಾಬಾದಿನ ನಿಜಾಮನಿಗೆ ಸೇರಿತು. ಅಲ್ಲಿಂದ ಮುಂದೆ ಈ ಮೂರು ತಾಲ್ಲೂಕುಗಳ ಪೂಜೆ ಉರುಸುಗಳ ಯೋಗಕ್ಷೇಮವು ದೂರದ ರಾಜಧಾನಿಯ ಖಜಾನೆಯನ್ನು ನೋಡಬೇಕಾಯಿತು. ಆ ಖಜಾನೆಯ ಕೊನೆಯ ಒಡೆಯನೇ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್.

೧೮೮೬ರ ಏಪ್ರಿಲ್ ೬ರಂದು ಹುಟ್ಟಿದ ಈತನು, ತಂದೆ ಮೀರ್ ಮಹಬೂಬ್ ಅಲಿ ಖಾನನು ೧೯೧೧ರ ಆಗಸ್ಟಿನಲ್ಲಿ ತೀರಿಕೊಂಡಾಗ ಇಪ್ಪತ್ತೈದನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದನು. ೧೯೧೪ರಲ್ಲಿ ದಿವಾನನನ್ನು ಬಿಡಿಸಿ ಐದು ವರ್ಷ ತಾನೇ ರಾಜ್ಯಭಾರವನ್ನು ನಡೆಸಿದನು. ೧೯೧೯ರಲ್ಲಿ ಕಾರ್ಯಕಾರಿ ಮಂಡಲವನ್ನು ನೇಮಿಸಿದನು. ಉಸ್ಮಾನಿಯಾ ವಿಶ್ವವಿದ್ಯಾಲಯ, ಉಸ್ಮಾನ್ ಸಾಗರ, ನಿಜಾಮ್ ಸಾಗರಗಳು ಅವನ ಕಾಲದ ನಿರ್ಮಾಣಗಳು. ಜಗತ್ತಿನ ಅತ್ಯಂತ ಸಿರಿವಂತರಲ್ಲಿ ಒಬ್ಬನೆಂದು ಹೆಸರಾದ ಅವನು ತನ್ನ ಉಡುಗೆ ತೊಡುಗೆಯಲ್ಲಿ ಜಿಪುಣತನದ ಅಂಚಿಗೆ ತಲುಪುವಷ್ಟು ಮಿತವ್ಯಯಿಯಾಗಿದ್ದನು. ಸಂಸ್ಥಾನದ ಪ್ರಜೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಿಂದೂಗಳು; ದೊರೆಯು ಮುಸಲ್ಮಾನ. ಈ ಒಂದು ಸಂಗತಿಯೇ ಅವನ ಧರ್ಮದತ್ತಿಗಳಿಗೆ ಬೇರೊಂದು ತೂಕವನ್ನು ತಂದುಕೊಟ್ಟಿತು.

ಸಂಸ್ಥಾನದಲ್ಲಿ ಧಾರ್ಮಿಕ ವ್ಯವಹಾರಗಳಿಗೆಂದೇ ‘ಉಮೂರೆ ಮಜಹಬಿ’ ಎಂಬ ಇಲಾಖೆಯಿದ್ದಿತು. ಮಸೀದಿ, ದರ್ಗಾಗಳ ಜೊತೆಗೆ ದೇವಾಲಯಗಳ ಇನಾಮು ಹಾಗೂ ವರ್ಷಾಶನಗಳ ಲೆಕ್ಕವೂ ಅದರ ಪುಸ್ತಕಗಳಲ್ಲಿ ಸೇರಿತ್ತು. ತೆಲುಗು ನಾಡಿನ ಭದ್ರಾಚಲಕ್ಕೂ ಯಾದಗಿರಿಗುಟ್ಟಕ್ಕೂ ನಿಜಾಮನಿಂದ ನೆರವು ದೊರೆಯಿತು. ಆಲಿಗಢದ ವಿಶ್ವವಿದ್ಯಾಲಯಕ್ಕೆ ಕೊಟ್ಟಂತೆ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೂ ಕೊಟ್ಟನು. ಪುಣೆಯ ಭಾಂಡಾರಕರ ಸಂಸ್ಥೆಯು ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಹೊರತರುತ್ತಿದ್ದಾಗ, ೧೯೩೨ರಲ್ಲಿ, ವರ್ಷಕ್ಕೆ ೧,೦೦೦ ರೂಪಾಯಿಯಂತೆ ಹನ್ನೊಂದು ವರ್ಷಗಳ ಸಹಾಯವನ್ನೂ ಅತಿಥಿಗೃಹಕ್ಕೆ ೫೦,೦೦೦ ರೂಪಾಯಿಯನ್ನೂ ಮಂಜೂರು ಮಾಡಿದನು. ವ್ಯಾಸರ ಕೃತಿಗೆ ನಿಜಾಮನ ಹಣ ಸಂದುದನ್ನು ಇಂದಿಗೂ ಓದುಗರು ಮೆಚ್ಚಿ ನೆನೆಯುತ್ತಾರೆ, ಮೆಚ್ಚಬೇಕಾದುದೇ.

ಆದರೆ ಕೊಡುವ ಇಲಾಖೆಯೇ ಅಪ್ಪಣೆಯನ್ನೂ ಕೊಡುವ ಇಲಾಖೆಯಾಗಿತ್ತೆಂಬುದನ್ನು ಮರೆಯುವಂತಿಲ್ಲ. ಹೊಸದೊಂದು ಗುಡಿಯನ್ನು ಕಟ್ಟಬೇಕಾದರೂ ಹಳೆಯದನ್ನು ಬೆಳೆಸಬೇಕಾದರೂ ಅದರ ಒಪ್ಪಿಗೆ ಬೇಕು. ೧೯೨೯ರ ಸುತ್ತೋಲೆಯಿಂದ ಸಾರ್ವಜನಿಕ ಸಭೆಗೂ ಸರ್ಕಾರದ ಅನುಮತಿ ಬೇಕಾಯಿತು. ೧೯೩೮-೩೯ರಲ್ಲಿ ಆರ್ಯ ಸಮಾಜವು ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಸತ್ಯಾಗ್ರಹವನ್ನು ಹೂಡಿದಾಗ, ಸೊಲ್ಲಾಪುರದ ಕಡೆಯಿಂದ ತಂಡ ತಂಡವಾಗಿ ಬಂದವರು ಸೆರೆಮನೆಗಳನ್ನು ತುಂಬಿದರು. ಅವರು ಕೇಳಿದ್ದು ಹಣವನ್ನಲ್ಲ. ಯಜ್ಞಕುಂಡವನ್ನು ಇಡಲು, ಮಂದಿರವನ್ನು ಕಟ್ಟಲು, ಧರ್ಮೋಪದೇಶ ಮಾಡಲು ಯಾರ ಅಪ್ಪಣೆಯನ್ನೂ ಬೇಡದಿರುವ ಹಕ್ಕನ್ನು ಕೇಳಿದರು. ದೊರೆಯ ಔದಾರ್ಯವು ಎಲ್ಲಿ ಮುಗಿಯುತ್ತಿತ್ತೋ ಪ್ರಜೆಯ ಪ್ರಶ್ನೆಯು ಅಲ್ಲಿಂದ ಮೊದಲಾಗುತ್ತಿತ್ತು. ೧೯೩೯ರ ಜುಲೈಯಲ್ಲಿ ಸುಧಾರಣೆಗಳು ಘೋಷಿತವಾದವು. ಆಗಸ್ಟಿನಲ್ಲಿ ಸತ್ಯಾಗ್ರಹವು ನಿಂತಿತು. ಫಸಲಿ ೧೩೪೯ರಲ್ಲಿ, ಎಂದರೆ ೧೯೩೯-೪೦ರಲ್ಲಿ, ದತ್ತಿಗಳ ನಿಯಮಾವಳಿಯೂ ಬಂದಿತು.

೧೯೪೭ರ ಬಳಿಕ ರಜಾಕಾರರ ಹಾವಳಿಯನ್ನು ತಡೆಯುವ ಬಲವಾಗಲಿ ಮನಸ್ಸಾಗಲಿ ನಿಜಾಮನಲ್ಲಿ ಕಾಣಲಿಲ್ಲ. ದೇವಾಲಯಗಳಿಗೆ ಕೊಟ್ಟ ವರ್ಷಾಶನವು ಹಳ್ಳಿಗಳಿಗೆ ಅಭಯವಾಗಿ ಒದಗಲಿಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಅವನ ಸೈನ್ಯವು ಶರಣಾಯಿತು. ೧೯೪೯ರಲ್ಲಿ ‘ಸರ್ಫೆ ಖಾಸ್’ ಎಂಬ ಅವನ ಖಾಸಗಿ ಆಸ್ತಿಯ ಪ್ರದೇಶವೂ ರಾಜ್ಯದಲ್ಲಿ ಲೀನವಾಯಿತು. ೧೯೫೦ರ ಜನವರಿ ೨೬ರಿಂದ ಆತನು ರಾಜಪ್ರಮುಖನಾದನು. ಯಾವುದೇ ಒಂದು ಮತದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸಬಾರದೆಂದು ಸಾರುವ ೨೭ನೆಯ ವಿಧಿಯು ಆ ದಿನವೇ ಜಾರಿಗೆ ಬಂದ ಸಂವಿಧಾನದಲ್ಲಿದೆ. ತನ್ನ ಇಚ್ಛೆಯೇ ಶಾಸನವಾಗಿದ್ದ ದೊರೆಯು ಆ ಸಂವಿಧಾನದ ಅಡಿಯಲ್ಲಿ ನಿಂತದ್ದು ಕಾಲದ ದೊಡ್ಡ ಪಾಠವಲ್ಲವೆ?

೧೯೫೬ರ ನವೆಂಬರ್ ೧ರಂದು ಯಾದಗಿರಿ, ಶಹಾಪುರ, ಸುರಪುರಗಳು ಗುಲ್ಬರ್ಗ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. ರಾಜಪ್ರಮುಖ ಪದವಿಯೂ ಆಗಲೇ ಮುಗಿಯಿತು. ೧೯೬೭ರ ಫೆಬ್ರವರಿ ೨೪ರಂದು ಉಸ್ಮಾನ್ ಅಲಿ ಖಾನನು ಕಿಂಗ್ ಕೋಠಿ ಅರಮನೆಯಲ್ಲಿ ಕಣ್ಣುಮುಚ್ಚಿದನು; ಅದರ ಎದುರಿನ ಜೂದಿ ಮಸೀದಿಯಲ್ಲಿ, ತಾಯಿಯ ಪಕ್ಕದಲ್ಲಿ, ಅವನ ಸಮಾಧಿಯಾಯಿತು. ದೊರೆ ಹೋದರೂ ಅವನ ಕಾಲದ ದತ್ತಿ ನಿಯಮಾವಳಿ ಹೋಗಲಿಲ್ಲ. ಕರ್ನಾಟಕಕ್ಕೆಲ್ಲ ಒಂದೇ ಆಗಿ ರಚಿತವಾದ ೧೯೯೭ರ ಧಾರ್ಮಿಕ ದತ್ತಿ ಕಾಯಿದೆಯು ೨೦೦೩ರಲ್ಲಿ ಜಾರಿಗೆ ಬರುವತನಕ ಈ ಸೀಮೆಯ ದೇವಾಲಯಗಳು ಅದರ ಕೆಳಗೇ ಇದ್ದವು.

ಉಸ್ಮಾನ್ ಅಲಿ ಖಾನನನ್ನು ಮತಾಂಧನೆಂದು ಹಳಿಯುವವರಿಗೆ ಅವನ ದತ್ತಿಗಳು ಉತ್ತರ ಹೇಳುತ್ತವೆ. ಸರ್ವಧರ್ಮಪೋಷಕನೆಂದು ಹೊಗಳುವವರಿಗೆ ಅವನ ಸೆರೆಮನೆಗಳು ಉತ್ತರ ಹೇಳುತ್ತವೆ. ಇವೆರಡರ ನಡುವೆ ನಿಂತವನು ಕಂದಾಯ ಕಟ್ಟಿದ ರೈತ. ಭೀಮಾ ಕೃಷ್ಣೆಯರ ನಡುವಣ ಹೊಲದಲ್ಲಿ ಜೋಳ ಬೆಳೆದ ಆ ರೈತನನ್ನು, ಯಾವ ಗುಡಿಗೆ ಎಷ್ಟು, ಯಾವ ಮಸೀದಿಗೆ ಎಷ್ಟು ಎಂದು ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಇಂದು ಸರ್ಕಾರಗಳು ಮಠ, ಮಂದಿರ, ಮಸೀದಿಗಳಿಗೆ ಅನುದಾನವನ್ನು ಘೋಷಿಸುವಾಗ ಕೊಡುವ ಕೈಗಳು ಬದಲಾಗಿವೆ; ಹಣವು ಅಂದಿನಂತೆ ಇಂದೂ ಪ್ರಜೆಯದೇ. ಅಂದು ಇಲ್ಲದ ಒಂದು ವಸ್ತು ಮಾತ್ರ ಇಂದು ಅವನ ಬಳಿಯಿದೆ: ಲೆಕ್ಕ ಕೇಳುವ ಹಕ್ಕು. ಅದನ್ನು ಬಳಸದಿದ್ದರೆ ಅನುದಾನವು ಮತ್ತೆ ದೊರೆಯ ದತ್ತಿಯಾಗಿಬಿಡುತ್ತದೆ.