ತಾನಾಗಿ ತೆರೆಯುವ ಬಾಗಿಲು: ಸರ್ ಎಂ. ವಿಶ್ವೇಶ್ವರಯ್ಯ



ಬರುವ ಸೋಮವಾರದಿಂದ ನಮ್ಮ ತರಗತಿಯಲ್ಲಿ ರೋಬೋಟ್ ಕಟ್ಟುವ ಕೆಲಸ ಶುರುವಾಗುತ್ತದೆ. ಯಾರೂ ರಿಮೋಟ್ ಹಿಡಿಯದೆ, ಯಾರೂ ತಳ್ಳದೆ, ನೆಲದ ಮೇಲಿನ ಕಪ್ಪು ಪಟ್ಟಿಯನ್ನು ತಾನೇ ನೋಡಿಕೊಂಡು ಓಡುವ ಪುಟ್ಟ ಗಾಡಿ ಅದು. ಅದಕ್ಕೂ ಮೊದಲು ಇಂಥ ಯಂತ್ರ ಮಾಡಿದ ಒಬ್ಬ ಮಹನೀಯರ ಜೀವನವನ್ನು ಗೋಡೆ ಪತ್ರಿಕೆಗೆ ಬರೆದು ಕೊಡು ಅಂತ ವಿಜ್ಞಾನದ ಸರ್ ನನಗೆ ಹೇಳಿದರು. ನಾನು ವಿಶ್ವೇಶ್ವರಯ್ಯನವರ ಹೆಸರು ಹೇಳಿದ ಕೂಡಲೇ ಹಿಂದಿನ ಬೆಂಚಿನವರು ನಕ್ಕರು. ಅವರು ಕಟ್ಟಿದ್ದು ಆಣೆಕಟ್ಟು, ರೋಬೋಟ್ ಅಲ್ಲ ಅಂದರು. ನಗಲಿ ಬಿಡಿ. ಪೂರ್ತಿ ಓದಿದ ಮೇಲೆ ಯಾರದು ಸರಿ ಅಂತ ನೀವೇ ತೀರ್ಮಾನ ಮಾಡಿ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ. ಬೆಂಗಳೂರಿಗೆ ಹೋಗಿ, ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪಾಸಾದರು. ಆಮೇಲೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮೊದಲನೇ ಸ್ಥಾನ ಪಡೆದರು. 1884ರಲ್ಲಿ ಮುಂಬೈ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿಕೊಂಡರು.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ಪುಣೆಯ ಹತ್ತಿರ ಖಡಕ್‌ವಾಸ್ಲಾ ಅಂತ ಒಂದು ಜಲಾಶಯ ಇದೆ. ಊರಿಗೆ ಕುಡಿಯಲು, ಹೊಲಕ್ಕೆ ಹಾಯಿಸಲು ನೀರು ಅಲ್ಲಿಂದ ಬರಬೇಕು. ಮಳೆಗಾಲದಲ್ಲಿ ಕೋಡಿ ಬಿದ್ದು ಎಷ್ಟೋ ನೀರು ಸುಮ್ಮನೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಕೋಡಿಯನ್ನು ಎತ್ತರ ಮಾಡಿ ಕಟ್ಟಿಬಿಟ್ಟರೆ ನೀರೇನೋ ಹೆಚ್ಚು ನಿಲ್ಲುತ್ತದೆ, ಆದರೆ ದೊಡ್ಡ ನೆರೆ ಬಂದಾಗ ಕಟ್ಟೆಗೇ ಅಪಾಯ. ಕೋಡಿಯ ಮೇಲೆ ಬಾಗಿಲು ಕೂರಿಸಬಹುದು. ಆದರೆ ನಡುರಾತ್ರಿ ಹುಚ್ಚು ಮಳೆಯಲ್ಲಿ ಅಲ್ಲಿಗೆ ಹೋಗಿ ಬಾಗಿಲು ತೆರೆಯುವವರು ಯಾರು? ಕಾವಲುಗಾರನಿಗೆ ಒಂದು ಗಳಿಗೆ ನಿದ್ದೆ ಬಂದರೆ ಕೆಳಗಿನ ಊರಿನ ಗತಿ ಏನು?

ವಿಶ್ವೇಶ್ವರಯ್ಯನವರು ಆ ಕೆಲಸವನ್ನು ನೀರಿಗೇ ಒಪ್ಪಿಸಿದರು! ಅವರು ಮಾಡಿದ ಬಾಗಿಲು ನಮ್ಮ ಸಂತೆಯ ತಕ್ಕಡಿ ಇದ್ದ ಹಾಗೆ. ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಅದನ್ನು ಹಿಡಿದಿಡುವ ಭಾರ. ಆ ಭಾರ ಒಂದು ತೊಟ್ಟಿಯೊಳಗೆ ತೂಗಾಡುತ್ತಿರುತ್ತದೆ. ಜಲಾಶಯದ ನೀರು ಗೊತ್ತು ಮಾಡಿದ ಮಟ್ಟ ದಾಟಿದರೆ ಕೊಳವೆಯ ಮೂಲಕ ಆ ತೊಟ್ಟಿಗೆ ನುಗ್ಗುತ್ತದೆ. ಬಾವಿಯಲ್ಲಿ ಕೊಡ ಮುಳುಗಿರುವವರೆಗೆ ಹಗುರ, ನೀರಿನಿಂದ ಮೇಲೆ ಬಂದ ಕೂಡಲೇ ಕೈ ಜಗ್ಗುತ್ತದೆ ಅಲ್ಲವೇ? ಅದೇ ರೀತಿ ತೊಟ್ಟಿ ತುಂಬಿದಾಗ ಒಳಗಿನ ಭಾರ ಹಗುರ ಆಗ್ತದೆ, ತಕ್ಕಡಿ ವಾಲ್ತದೆ, ಬಾಗಿಲು ತೆರೀತದೆ. ನೆರೆ ಇಳಿದ ಮೇಲೆ ತೊಟ್ಟಿಯ ನೀರು ಬಸಿದು ಹೋಗಿ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಕರೆಂಟ್ ಬೇಡ, ಕಾವಲು ಬೇಡ. ಈ ಬಾಗಿಲಿಗೆ ಅವರು 1903ರಲ್ಲಿ ಪೇಟೆಂಟ್ ಪಡೆದರು. ಖಡಕ್‌ವಾಸ್ಲಾ ಆದ ಮೇಲೆ ಗ್ವಾಲಿಯರ್ ಕಡೆಯ ತಿಗ್ರಾ ಆಣೆಕಟ್ಟಿಗೂ, ನಮ್ಮ ಕೃಷ್ಣರಾಜಸಾಗರಕ್ಕೂ ಇಂಥ ಬಾಗಿಲು ಬಂದವು.

ಈಗ ನಮ್ಮ ಗಾಡಿ ನೋಡಿ. ರೋಬೋಟ್ ಅಂದರೆ ಎರಡು ಕೈ, ಎರಡು ಕಾಲು ಇರುವ ಯಂತ್ರಮಾನವ ಆಗಬೇಕು ಅಂತೇನಿಲ್ಲ. ಮೂರು ಕೆಲಸ ಮಾಡಿದರೆ ಸಾಕು: ನೋಡುವುದು, ತೀರ್ಮಾನಿಸುವುದು, ಮಾಡುವುದು. ನಮ್ಮ ಗಾಡಿಯ ಅಡಿಯಲ್ಲಿ ಎರಡು ಸೆನ್ಸರ್ ಇವೆ, ಅವು ನೆಲ ಕಪ್ಪೋ ಬಿಳಿಯೋ ನೋಡುತ್ತವೆ. ಒಂದು ಸಣ್ಣ ಬೋರ್ಡು ತೀರ್ಮಾನಿಸುತ್ತದೆ. ಎರಡು ಮೋಟಾರು ಚಕ್ರ ತಿರುಗಿಸುತ್ತವೆ. ಆ ಬಾಗಿಲಿನಲ್ಲಿ ಕೊಳವೆ ನೋಡುತ್ತದೆ, ಭಾರ ತೀರ್ಮಾನಿಸುತ್ತದೆ, ಬಾಗಿಲು ಮಾಡುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮಿದುಳಿನ ವಿಜ್ಞಾನಿ 1948-49ರಲ್ಲಿ ಬೆಳಕು ಹುಡುಕಿಕೊಂಡು ತಾನೇ ಓಡಾಡುವ ಎರಡು ಯಂತ್ರದ ಆಮೆ ಮಾಡಿದರು. ರೋಬೋಟ್ ಕಥೆ ಹೇಳುವವರು ಅವನ್ನು ಮೊದಲು ನೆನೆಯುತ್ತಾರೆ. ನಮ್ಮವರ ಬಾಗಿಲಿಗೆ ಚಕ್ರ ಇರಲಿಲ್ಲ, ಅಷ್ಟೇ. ಅದು ಆ ಆಮೆಗಿಂತ ನಲವತ್ತು ವರ್ಷಕ್ಕೂ ಹಿರಿಯದು!

ಮುಂದಿನ ಕಥೆ ನಿಮಗೆ ಗೊತ್ತಿದ್ದದ್ದೇ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮತ್ತೆ ಹಾಗಾಗದಂತೆ ಯೋಜನೆ ಹಾಕಿಕೊಟ್ಟವರು ಇವರೇ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆ ಕಾಲದಲ್ಲೇ ಹುಟ್ಟಿದವು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರವನ್ನು ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದರು. ಮಳೆಗಾಲ ಬಂದರೆ ಅಲ್ಲಿ ನೀರು 124.80 ಅಡಿ ಮುಟ್ಟಿತೋ ಇಲ್ಲವೋ ಅಂತ ಇಂದಿಗೂ ವಾರ್ತೆಯಲ್ಲಿ ಹೇಳುತ್ತಾರೆ. 1955ರಲ್ಲಿ ಅವರಿಗೆ ಭಾರತರತ್ನ ಬಂತು. ನೂರು ವರ್ಷ ಬಾಳಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರು ಹುಟ್ಟಿದ ದಿನವೇ ಎಂಜಿನಿಯರುಗಳ ದಿನ.

ಒಂದು ದುಃಖದ ಸಂಗತಿಯನ್ನೂ ಬರೆಯಲೇಬೇಕು. ಅವರು ತೀರಿಕೊಳ್ಳುವ ಹಿಂದಿನ ವರ್ಷ, 1961ರ ಜುಲೈ 12ರಂದು, ಖಡಕ್‌ವಾಸ್ಲಾದ ಮೇಲ್ಗಡೆ ಹೊಸದಾಗಿ ಕಟ್ಟಿದ್ದ ಪಾನ್‌ಶೇತ್ ಎಂಬ ಮಣ್ಣಿನ ಆಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾದ ಕಟ್ಟೆಯೇ ಒಡೆದು ಪುಣೆ ಮುಳುಗಿತು. ತಪ್ಪು ಬಾಗಿಲಿನದಲ್ಲ. ಮೇಲಿನ ಆಣೆಕಟ್ಟೇ ಒಡೆದು ಬಂದರೆ ಯಾವ ಬಾಗಿಲು ತಾನೇ ಏನು ಮಾಡೀತು? ಮಳೆಯ ಲೆಕ್ಕ ಹಾಕಿ ಮಾಡಿದ ಯಂತ್ರಕ್ಕೆ ಮಳೆಯ ನೀರಷ್ಟೇ ಗೊತ್ತು.

ಇದು ನನಗೆ ಅರ್ಥವಾಗಿದ್ದು ನಮ್ಮ ಮಾದರಿ ಗಾಡಿಯಿಂದ. ಹೋದ ತಿಂಗಳು ನಾನೂ ನನ್ನ ಟಿಬೆಟನ್ ಗೆಳೆಯನೂ ಸರ್ ಜೊತೆ ಕೂತು ಅದನ್ನು ಕಟ್ಟಿದೆವು. ಬೆಳಿಗ್ಗೆ ಪಟ್ಟಿ ಬಿಡದೆ ಚೆಂದ ಓಡಿತು. ಮಧ್ಯಾಹ್ನ ಎಲ್ಲರನ್ನೂ ಕರೆದು ತೋರಿಸುವಾಗ ಪಟ್ಟಿ ಬಿಟ್ಟು ನೇರ ಹೋಗಿ ಗೋಡೆಗೆ ಡಿಕ್ಕಿ! ಒಂದು ಚಕ್ರ ಮುರಿಯಿತು, ನನಗೆ ಅಳುವೇ ಬಂತು. ಮೋಟಾರ್ ಕೆಟ್ಟಿದೆ ಅಂತ ನಾನಂದೆ. ಗೆಳೆಯ ಮಾತಾಡದೆ ಹೋಗಿ ಕಿಟಕಿ ಮುಚ್ಚಿದ. ಗಾಡಿಯನ್ನು ಕೈಯಲ್ಲಿ ಹಿಡಿದು ಪಟ್ಟಿಯ ಮೇಲೆ ಸರಿಸಿದರೆ ಸೆನ್ಸರ್ ಸರಿಯಾಗಿಯೇ ಇತ್ತು. ಕಿಟಕಿಯ ಬಿಸಿಲು ಬಿದ್ದು ಅದಕ್ಕೆ ಕಪ್ಪು ಬಿಳುಪು ಗೊತ್ತಾಗಿರಲಿಲ್ಲ. ಬಿಸಿಲು ಬರುತ್ತದೆ ಅಂತ ನಾವು ಯೋಚಿಸಿರಲೇ ಇಲ್ಲ, ಗಾಡಿ ಹೇಗೆ ಯೋಚಿಸೀತು? ಸೆನ್ಸರ್ ಸುತ್ತ ಕಪ್ಪು ರಟ್ಟಿನ ಮರೆ ಕಟ್ಟಿದೆವು. ಈಗ ಬಿಸಿಲಲ್ಲೂ ಓಡುತ್ತದೆ.

ಆದ್ದರಿಂದ ಗೆಳೆಯರೇ, ತಾನಾಗಿ ನಡೆಯುವ ಯಂತ್ರ ಮಾಡುವವರು ಮೊದಲು ತಾವು ಎಚ್ಚರವಾಗಿದ್ದು ನೋಡಬೇಕು. ವಿಶ್ವೇಶ್ವರಯ್ಯನವರು ನೀರನ್ನು ನೋಡಿದ ಹಾಗೆ.

ಸೋಮವಾರ ಬರುವಾಗ ಹಳೆಯ ರಟ್ಟು, ಬಾಟಲಿ ಮುಚ್ಚಳ, ಕೆಟ್ಟ ಆಟಿಗೆಯ ಮೋಟಾರ್ ಇದ್ದರೆ ತನ್ನಿ. ನಾಲ್ಕು ನಾಲ್ಕು ಜನರ ಗುಂಪು ಮಾಡುತ್ತೇವೆ. ಗಾಡಿ ಆದ ಮೇಲೆ ನಮ್ಮ ಶಾಲೆಯ ನೀರಿನ ಟಾಕಿಗೆ ತಾನೇ ಮುಚ್ಚಿಕೊಳ್ಳುವ ನಲ್ಲಿ ಮಾಡೋಣ ಅಂತ ನನಗೆ ಆಸೆ. 1966ರಲ್ಲಿ ಟಿಬೆಟನ್ ಹಿರಿಯರು ಬಂದು ಕಾಡು ಕಡಿದು ಗೋವಿನಜೋಳ ಬಿತ್ತಿದ ಈ ನೆಲದಲ್ಲಿ, ಮಳೆ ನಂಬಿ ಬಾಳುವ ನಮಗೆ ಒಂದು ಕೊಡ ನೀರೂ ದೊಡ್ಡದೇ.

ಹಿಂದಿನ ಬೆಂಚಿನವರೂ ತಪ್ಪದೆ ಬನ್ನಿ. ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.